ಮನೆ ರಿಪೇರಿ: ನಾವೇ ಮಾಡೋಣವೇ, ಗುತ್ತಿಗೆಗೆ ಕೊಡೋಣವೇ?

(ಸಂಘದ ವಾರ್ಷಿಕ ಮಹಾಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಶೈಕ್ಷಣಿಕ ಸಂಘದ ಸಭೆಯಲ್ಲಿ ಸಿಮೆಂಟು, ಪೈಂಟು, ಪೈಪುಗಳ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ವಿಷಯ ತಿಳಿಸಿದಾಗ ನಮ್ಮ ಕಾರ್ಯದರ್ಶಿಯವರೂ ಒಮ್ಮೆ ನಕ್ಕರು. ಆದರೆ ನಮ್ಮ ಊರುಗಳ ಸ್ಥಿತಿಯನ್ನು ನೋಡಿ. ಮಕ್ಕಳ ಮದುವೆಯನ್ನು ಬಿಟ್ಟರೆ ನಮ್ಮ ಕುಟುಂಬಗಳ ಹಣ ಅತಿ ಹೆಚ್ಚು ಹೋಗುವುದು ಮನೆಗೆ. ಗಲ್ಫಿನ ಬಿಸಿಲಿನಲ್ಲಿ ದುಡಿದವನು ಕಳುಹಿಸಿದ ಹಣ, ಊರಿನ ಅಂಗಡಿಯಲ್ಲಿ ಹಗಲಿರುಳು ಕುಳಿತು ಕೂಡಿಟ್ಟ ಹಣ, ಎರಡೂ ಕೊನೆಗೆ ಗೋಡೆ ಮತ್ತು ತಾರಸಿ ಸೇರುತ್ತವೆ. ಮಗಳ ಕಾಲೇಜು ಫೀಸಿಗೆಂದು ತೆಗೆದಿಟ್ಟ ಹಣ ಮಳೆಗಾಲಕ್ಕೆ ಮುಂಚೆ ಸೋರುವ ಸ್ಲ್ಯಾಬಿಗೆ ಖರ್ಚಾದ ಮನೆಗಳನ್ನು ನಾನು ಬಲ್ಲೆ. ಹಾಗಾಗಿ ಇದು ಶಿಕ್ಷಣದ ವಿಷಯವೂ ಹೌದು.

ನಾನು ಇಂಜಿನಿಯರ್ ಅಲ್ಲ, ಶಾಲಾ ಮೇಷ್ಟ್ರು. ನನ್ನ ಮನೆಯ ರಿಪೇರಿಯಲ್ಲಿ ಕೆಲವನ್ನು ನಾನೇ ಮಾಡಿದ್ದೇನೆ, ಕೆಲವನ್ನು ಗುತ್ತಿಗೆಗೆ ಕೊಟ್ಟಿದ್ದೇನೆ. ಎರಡರಲ್ಲೂ ಪೆಟ್ಟು ತಿಂದಿದ್ದೇನೆ. ಆ ಅನುಭವದ ಮಾತು ಇದು.

ಹಿಂದೆ ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆಯೇ ಇಷ್ಟು ದೊಡ್ಡದಾಗಿರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹುಲ್ಲಿನ ಮಾಡುಗಳು ಹೋಗಿ ಹಂಚಿನ ಮಾಡುಗಳು ಬಂದವು. ಹಂಚಿನ ಒಂದು ಗುಣವೇನೆಂದರೆ, ಒಡೆದದ್ದನ್ನು ಮಾತ್ರ ತೆಗೆದು ಬೇರೊಂದನ್ನು ಇಡಬಹುದು. ಮೇ ತಿಂಗಳಲ್ಲಿ ಉಪ್ಪ ಏಣಿ ಇಟ್ಟು ಮಾಡಿಗೆ ಹತ್ತುತ್ತಿದ್ದರು, ನಾವು ಮಕ್ಕಳು ಕೆಳಗಿನಿಂದ ಹಂಚು ಕೊಡುತ್ತಿದ್ದೆವು. ಗೆದ್ದಲು ತಿಂದ ರೀಪು ಕಂಡರೆ ಆಚಾರಿಯನ್ನು ಕರೆಯುತ್ತಿದ್ದರು. ಯಾವುದು ತಮ್ಮ ಕೆಲಸ, ಯಾವುದು ಆಚಾರಿಯ ಕೆಲಸ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ತಾರಸಿ ಮನೆಗಳು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಹೋಗುವ ನಾಡಿನಲ್ಲಿ ಚಪ್ಪಟೆ ತಾರಸಿ! ನೀರು ಎಲ್ಲಿ ಇಳಿಯಿತು, ಎಲ್ಲಿ ಹೊರಬಂತು ಎಂಬುದು ಹಂಚಿನ ಹಾಗೆ ಕಣ್ಣಿಗೆ ಕಾಣುವುದಿಲ್ಲ. ಮನೆ ಬದಲಾಯಿತು, ಅದರ ಜೊತೆಗೆ ಬರಬೇಕಾಗಿದ್ದ ತಿಳುವಳಿಕೆ ಮಾತ್ರ ಬರಲಿಲ್ಲ.

ರಿಪೇರಿ ಎಂದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ, ಯಾವುದು ಅಗ್ಗ ಎಂಬುದು. ನಾನೂ ಅಲ್ಲಿಂದಲೇ ಶುರು ಮಾಡಿದವನು. ಈಗ ಬೇರೆ ಎರಡು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳುತ್ತೇನೆ. ಈ ಕೆಲಸ ಕೆಟ್ಟರೆ ಏಟು ಯಾರಿಗೆ? ಕೆಟ್ಟದ್ದು ಕಣ್ಣಿಗೆ ಕಾಣುತ್ತದೆಯೇ ಅಥವಾ ಗೋಡೆಯೊಳಗೆ ಅಡಗಿ ಕುಳಿತುಕೊಳ್ಳುತ್ತದೆಯೇ?

ಪೈಂಟಿನ ಕೆಲಸವನ್ನು ತೆಗೆದುಕೊಳ್ಳಿ. ಒಂದು ದಸರಾ ರಜೆಯಲ್ಲಿ ನಾನು, ನನ್ನ ಇಬ್ಬರು ಮಕ್ಕಳು ಸೇರಿ ಎರಡು ಕೋಣೆಗಳಿಗೆ ಪೈಂಟು ಬಳಿದೆವು. ಪೈಂಟರು ಮೂರು ದಿನದಲ್ಲಿ ಮುಗಿಸುವುದಕ್ಕೆ ನಮಗೆ ಒಂಬತ್ತು ದಿನ ಹಿಡಿಯಿತು. ಪುಟ್ಟಿ ಹಾಕಿ ಉಜ್ಜುವಷ್ಟರಲ್ಲಿ ಭುಜ ಬಿದ್ದುಹೋಯಿತು. ಮೊದಲ ಕೋಣೆಯ ಗೋಡೆಯಲ್ಲಿ ಬ್ರಷ್ಷಿನ ಗೆರೆಗಳು ಇಂದಿಗೂ ಕಾಣುತ್ತವೆ. ಆದರೆ ಅದರಿಂದ ಯಾರಿಗೆ ಏನು ನಷ್ಟ? ತಪ್ಪು ನಮ್ಮ ಕಣ್ಣೆದುರು ಇದೆ, ಮುಂದಿನ ಸಲ ಸರಿಮಾಡಬಹುದು. ಎಂಟನೇ ತರಗತಿಯಲ್ಲಿದ್ದ ಚಿಕ್ಕವನು ಅಂಗಡಿಗೆ ಹೋಗುವ ಮೊದಲು ಗೋಡೆ ಅಳೆದ. 10 ಅಡಿಗೆ 12 ಅಡಿಯ ಕೋಣೆ, ಸುತ್ತಳತೆ 44 ಅಡಿ, ಎತ್ತರ 10 ಅಡಿ, ಅಂದರೆ 440 ಚದರ ಅಡಿ. ಬಾಗಿಲು ಕಿಟಕಿಗೆ 40 ಕಳೆದ. ಡಬ್ಬಿಯ ಮೇಲೆ ಲೀಟರಿಗೆ ಎಷ್ಟು ಚದರ ಅಡಿ ಎಂದು ಅಚ್ಚಾಗಿರುವುದನ್ನು ಓದಿ ಲೆಕ್ಕ ಹಾಕಿದ. ಶಾಲೆಯಲ್ಲಿ ಸುತ್ತಳತೆಯ ಪಾಠ ಅವನ ತಲೆಗೆ ಹೋಗಿರಲಿಲ್ಲ, ಪಾಠ ಮಾಡಿದವನು ನಾನೇ.

ನಲ್ಲಿಯ ವಾಷರು ಬದಲಿಸುವುದು, ಬಾಗಿಲಿನ ತಿರುಪು ಬಿಗಿ ಮಾಡುವುದು, ಮಳೆಗೆ ಮುಂಚೆ ತಾರಸಿಯ ಎಲೆ ಕಸ ಗುಡಿಸಿ ನೀರಿನ ಕೊಳವೆಯ ಬಾಯಿ ಬಿಡಿಸುವುದು, ಇಂಥವಕ್ಕೆ ಹೊರಗಿನ ಆಳಿಗಾಗಿ ಕಾಯುವುದು ಸೋಮಾರಿತನ. ಪ್ರವಾದಿಯವರು(ಸ) ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದರು ಎಂದು ಹದೀಸ್‌ಗಳಲ್ಲಿ ಓದುತ್ತೇವೆ. ಮದೀನದ ಮಸೀದಿ ಕಟ್ಟುವಾಗ, ಖಂದಕ್ ತೋಡುವಾಗ ಅವರೂ ಹೊರೆ ಹೊತ್ತವರು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಓದಿದ ಹುಡುಗ ಸ್ಕ್ರೂಡ್ರೈವರ್ ಹಿಡಿದರೆ ಮನೆಯವರಿಗೇ ನಾಚಿಕೆ.

ಇಷ್ಟು ಕೇಳಿ ಎಲ್ಲವನ್ನೂ ನಾವೇ ಮಾಡೋಣ ಎಂದು ಹೊರಡಬೇಡಿ. ನಾನು ಹಾಗೆ ಹೊರಟವನು.

ಪೈಂಟಿನ ಕೆಲಸ ಮುಗಿದ ಹುಮ್ಮಸ್ಸಿನಲ್ಲಿ ಬಾವಿಕಟ್ಟೆಯ ಬಳಿಯ ಪಂಪಿಗೆ ನಾನೇ ಲೈನ್ ಎಳೆದೆ. ಇಲೆಕ್ಟ್ರೀಷಿಯನ್ ಬರಲು ಒಂದು ವಾರ ಆಗುತ್ತದೆ ಎಂದಿದ್ದ. ಮನೆಯಲ್ಲಿ ಉಳಿದಿದ್ದ ಲೈಟಿನ ವೈರು ಇತ್ತು, ಎರಡು ಎಳೆ ಎಳೆದು ಸ್ವಿಚ್ಚಿಗೆ ಕೊಟ್ಟೆ. ಪಂಪು ಓಡಿತು, ನೀರು ಬಂತು. ಅರ್ತಿಂಗಿನ ಮೂರನೇ ವೈರು ಎಳೆಯಲಿಲ್ಲ, ಅದಿಲ್ಲದೆಯೂ ಓಡುತ್ತದಲ್ಲ ಎಂದುಕೊಂಡೆ. ಎಂಟು ತಿಂಗಳು ಓಡಿತು ಕೂಡ. ಜುಲೈ ತಿಂಗಳ ಒಂದು ಬೆಳಿಗ್ಗೆ ಉಮ್ಮ ಬಟ್ಟೆ ಒಗೆಯುತ್ತ ಒದ್ದೆ ಕೈಯನ್ನು ಪಂಪಿನ ಕಬ್ಬಿಣದ ಮೈಮೇಲೆ ಇಟ್ಟರು. ನಾನು ಶಾಲೆಗೆ ಹೊರಟು ನಿಂತಿದ್ದೆ. ಕೂಗು ಕೇಳಿತು. ಓಡಿ ಬಂದಾಗ ಒಗೆಯುವ ಕಲ್ಲಿನ ಆಚೆ ಬಿದ್ದಿದ್ದರು. ಅಲ್‌ಹಮ್ದುಲಿಲ್ಲಾಹ್, ಕೈ ಅಂಟಿಕೊಳ್ಳದೆ ಎಸೆಯಲ್ಪಟ್ಟಿದ್ದರಿಂದ ಜೀವ ಉಳಿಯಿತು. ಬಲಗೈ ಜೋಮು ಹೋಗಲು ತಿಂಗಳುಗಳೇ ಬೇಕಾದವು. ಉಮ್ಮ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. "ಪಂಪು ಹಳೆಯದಾಗಿತ್ತು" ಎಂದು ನೆಂಟರಿಗೆ ಹೇಳುತ್ತಿದ್ದರು.

ಮರುದಿನ ಬಂದ ಇಲೆಕ್ಟ್ರೀಷಿಯನ್ ವೈರು ಬಿಚ್ಚಿ ನೋಡಿದ. "ಮಾಷ್ಟ್ರೇ, ಇದು ಯಾರು ಮಾಡಿದ್ದು?" ಎಂದ. ನಾನು ಉತ್ತರ ಕೊಡಲಿಲ್ಲ. ಅವನಿಗೆ ಅರ್ಥವಾಯಿತು.

ಆಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ, ವಿದ್ಯಾರ್ಥಿಗಳು ಬರೆದುಕೊಳ್ಳಬಹುದು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇವುಗಳನ್ನು ಇದ್ದ ಜಾಗದಲ್ಲೇ ಬದಲಿಸುವುದಕ್ಕೆ ಅಡ್ಡಿಯಿಲ್ಲ. ಹೊಸ ಲೈನು ಎಳೆಯುವುದು, ವೈರಿಂಗ್ ಬದಲಾಯಿಸುವುದು ಪರವಾನಿಗೆ ಇರುವ ವಿದ್ಯುತ್ ಗುತ್ತಿಗೆದಾರರ ಕೆಲಸ ಎಂದು 1956ರ ವಿದ್ಯುತ್ ನಿಯಮಗಳಲ್ಲೇ ಇತ್ತು, 2010ರ ನಿಯಮಗಳಲ್ಲೂ ಅದೇ ಮುಂದುವರಿಯಿತು. ಲೈಟುಗಳಿಗೆ ಸಾಮಾನ್ಯವಾಗಿ 1.5 ಚದರ ಮಿಲಿಮೀಟರ್ ವೈರು, 16 ಆಂಪಿಯರ್ ಸಾಕೆಟ್ಟಿಗೆ 2.5, ಗೀಸರ್ ಮತ್ತು ಏಸಿಗೆ 4 ಹಾಕುತ್ತಾರೆ. ಮೈನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ, ಕರೆಂಟು ಮನುಷ್ಯನ ಮೈಮೂಲಕ ನೆಲಕ್ಕೆ ಹರಿಯತೊಡಗಿದ ಕ್ಷಣದಲ್ಲೇ ಅದು ಲೈನನ್ನು ಕಡಿದುಹಾಕುತ್ತದೆ. ಇಂದು ಮನೆಗೆ ಹೋದವರು ನಿಮ್ಮ ಬೋರ್ಡಿನಲ್ಲಿ ಅದು ಇದೆಯೇ ನೋಡಿ. ಇದ್ದರೆ ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ಒತ್ತಿ ನೋಡಿ, ಮನೆಯ ಕರೆಂಟು ಹೋಗಬೇಕು. ಹೋಗದಿದ್ದರೆ ಆ ಪೆಟ್ಟಿಗೆ ಬರೀ ಅಲಂಕಾರಕ್ಕಿದೆ ಎಂದು ತಿಳಿಯಿರಿ.

ಗೋಡೆ ಒಡೆಯುವುದೂ ಹಾಗೆಯೇ. ಅಡುಗೆಮನೆ ಮತ್ತು ಹಾಲ್ ಒಂದು ಮಾಡಬೇಕೆಂಬ ಆಸೆ ಈಗ ಎಲ್ಲರಿಗೂ ಇದೆ. ನಮ್ಮ ಕೆಂಪುಕಲ್ಲಿನ ಮನೆಗಳಲ್ಲಿ ಸ್ಲ್ಯಾಬಿನ ಭಾರ ಹೊರುವುದು ಹೆಚ್ಚಾಗಿ ಗೋಡೆಗಳೇ, ಪಿಲ್ಲರುಗಳಲ್ಲ. ಇಂಜಿನಿಯರ್ ನೋಡದೆ ಮೇಸ್ತ್ರಿಯ ಮಾತಿಗೆ ಗೋಡೆ ತೆಗೆಯಬೇಡಿ, ನೀವಾಗಿ ತೆಗೆಯುವ ಮಾತಂತೂ ಬೇಡವೇ ಬೇಡ. ಎರಡನೇ ಮಾಳಿಗೆಯ ಹೊರಗೋಡೆಗೆ ಪೈಂಟು, ಪಾಚಿ ಹಿಡಿದ ಮಾಡು ಏರುವುದು, ಇವುಗಳಲ್ಲಿ ಉಳಿಯುವ ಹಣ ಆಸ್ಪತ್ರೆಯ ಒಂದು ದಿನಕ್ಕೆ ಸಾಲದು.

ಇನ್ನು ಗುತ್ತಿಗೆಯ ಮಾತು. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ನಮ್ಮವರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ.

ಕೆಲಸ ಮಾಡಿಸುವುದಕ್ಕೆ ನಮ್ಮಲ್ಲಿ ಮೂರು ದಾರಿಗಳಿವೆ. ದಿನದ ಸಂಬಳಕ್ಕೆ ಆಳು ಇಡುವುದು, ಸಾಮಾನು ನಾವು ತಂದುಕೊಟ್ಟು ಕೂಲಿಯನ್ನು ಮಾತ್ರ ಚದರ ಅಡಿಯ ಲೆಕ್ಕದಲ್ಲಿ ಕೊಡುವ ಲೇಬರ್ ಕಂಟ್ರಾಕ್ಟ್, ಸಾಮಾನು ಸಹಿತ ಪೂರ್ತಿ ಕಂಟ್ರಾಕ್ಟ್. ಸಣ್ಣ ಕೆಲಸಕ್ಕೆ, ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ ದಿನದ ಸಂಬಳವೇ ಸರಿ. ಲೇಬರ್ ಕಂಟ್ರಾಕ್ಟಿನಲ್ಲಿ ಕೆಲಸ ಬೇಗ ಮುಗಿಯುತ್ತದೆ, ಏಕೆಂದರೆ ಬೇಗ ಮುಗಿದಷ್ಟು ಅವರಿಗೆ ಲಾಭ. ಅದೇ ಕಾರಣಕ್ಕೆ ನೀರು ಹಾಕುವ ಕೆಲಸ, ಒಣಗಲು ಬಿಡುವ ಕೆಲಸ ಹಾರಿಹೋಗುತ್ತದೆ. ಗಾರೆ, ಕಾಂಕ್ರೀಟಿಗೆ ಕನಿಷ್ಠ ಏಳು ದಿನ, ಈಗ ಹೆಚ್ಚಾಗಿ ಸಿಗುವ ಪಿಪಿಸಿ ಸಿಮೆಂಟಾದರೆ ಹತ್ತು ದಿನವಾದರೂ ನೀರು ಕುಡಿಸಬೇಕು. ಇದನ್ನು ಮಾಡಲು ಇಂಜಿನಿಯರ್ ಬೇಡ, ಒಂದು ಪೈಪು ಹಿಡಿಯುವ ಕೈ ಸಾಕು. ಗುತ್ತಿಗೆಗೆ ಕೊಟ್ಟ ಮನೆಯಲ್ಲೂ ಮನೆಯವರೇ ಮಾಡಬೇಕಾದ ಕೆಲಸ ಇದು.

ಪೂರ್ತಿ ಕಂಟ್ರಾಕ್ಟ್ ಕೊಟ್ಟರೆ ಸಾಮಾನಿನ ಮೇಲೆ ಕಣ್ಣಿರಲಿ. 100 ಚದರ ಅಡಿಯ, 5 ಇಂಚು ದಪ್ಪದ ಸ್ಲ್ಯಾಬಿಗೆ ಒಂದು, ಒಂದೂವರೆ, ಮೂರರ ಮಿಶ್ರಣದಲ್ಲಿ ಸುಮಾರು ಒಂಬತ್ತೂವರೆ ಚೀಲ ಸಿಮೆಂಟ್ ಬೇಕು. ಆರು ಚೀಲದಲ್ಲಿ ಮುಗಿಯಿತು ಎಂದರೆ ಸಂತೋಷಪಡಬೇಡಿ. 50 ಕಿಲೋದ ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಸುರಿದರೆ ಕಾಂಕ್ರೀಟು ಸುಲಭವಾಗಿ ಹರಡುತ್ತದೆ, ಆದರೆ ಬಲ ಕಡಿಮೆಯಾಗುತ್ತದೆ. ಮೂರು ತಿಂಗಳಿಗಿಂತ ಹಳೆಯ ಸಿಮೆಂಟು ಬೇಡ, ಚೀಲದ ಮೇಲೆ ತಯಾರಾದ ವಾರ, ವರ್ಷ ಇರುತ್ತದೆ.

ಕಾಗದದ ವಿಷಯಕ್ಕೆ ಬರುತ್ತೇನೆ. "ನಮ್ಮವನೇ ಅಲ್ಲವೇ, ಬರೆಸಿಕೊಂಡರೆ ಏನು ತಿಳಿದುಕೊಂಡಾನು?" ಎನ್ನುತ್ತೇವೆ. ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಯಾವುದು ಎಂದು ಮದ್ರಸದ ಮಕ್ಕಳನ್ನು ಕೇಳಿ. ಅಲ್ ಬಖರ ಅಧ್ಯಾಯದ 282ನೇ ಸೂಕ್ತ. ಅದರ ವಿಷಯ ಅವಧಿಯ ಮೇಲಿನ ಸಾಲವನ್ನು ಸಾಕ್ಷಿಗಳ ಮುಂದೆ ಬರೆದಿಡುವುದು. ಮೊತ್ತ ಚಿಕ್ಕದೆಂದು ಉದಾಸೀನ ಮಾಡಬಾರದೆಂಬ ಸೂಚನೆಯೂ ಅದರಲ್ಲಿದೆ. ಅಸ್ಪಷ್ಟತೆಯಿಂದ ಕೂಡಿದ ವ್ಯವಹಾರವನ್ನು ಫಿಕ್ಹ್‌ನಲ್ಲಿ ಗರರ್ ಎನ್ನುತ್ತಾರೆ, ಅದನ್ನು ತಡೆದಿದ್ದಾರೆ. "ಒಟ್ಟು ಇಷ್ಟು ಕೊಡಿ, ಚೆನ್ನಾಗಿ ಮಾಡಿಕೊಡುತ್ತೇನೆ" ಎಂಬುದಕ್ಕಿಂತ ಅಸ್ಪಷ್ಟವಾದ ಮಾತು ಯಾವುದಿದೆ?

ಎರಡು ಪುಟ ಸಾಕು. ಯಾವ ಕೆಲಸ, ಅಳತೆ ಎಷ್ಟು, ಯಾವ ದರ್ಜೆಯ ಸಾಮಾನು, ಯಾರು ತರಬೇಕು, ಎಂದು ಮುಗಿಯಬೇಕು. ಹಣ ಕೊಡುವುದು ತಾರೀಕಿನ ಮೇಲೆ ಅಲ್ಲ, ಕೆಲಸದ ಹಂತದ ಮೇಲೆ. ಹೆಚ್ಚುವರಿ ಕೆಲಸ ಬಂದರೆ ಅದರ ದರವನ್ನು ಶುರು ಮಾಡುವ ಮೊದಲೇ ಅದೇ ಕಾಗದದ ಹಿಂದೆ ಬರೆದು ಇಬ್ಬರೂ ಸಹಿ ಹಾಕಬೇಕು. ಜಗಳದಲ್ಲಿ ಮುಕ್ಕಾಲು ಪಾಲು ಈ "ಎಕ್ಸ್ಟ್ರಾ"ದಿಂದಲೇ ಹುಟ್ಟುವುದು. ಮನೆ ಕಟ್ಟಿಕೊಡುವ ಕೆಲಸ 1993ರ ತಿದ್ದುಪಡಿಯಿಂದಲೇ ಗ್ರಾಹಕ ಕಾನೂನಿನ ಸೇವೆಗಳಲ್ಲಿ ಸೇರಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷಗಳೊಳಗೆ. ಆದರೆ ಅಲ್ಲಿಯೂ ಮೊದಲು ಕೇಳುವುದು ಕಾಗದ ಎಲ್ಲಿ ಎಂದೇ.

ಇದನ್ನೆಲ್ಲ ನಾನು ಕಲಿತದ್ದು ಒಂದು ಬಾತ್‌ರೂಮಿನಿಂದ. ಮಾಳಿಗೆಯ ಮೇಲೆ ಬಾತ್‌ರೂಮ್ ಮಾಡಿಸಲು ನೆಂಟರ ಪರಿಚಯದ ಒಬ್ಬ ಗುತ್ತಿಗೆದಾರರಿಗೆ ಬಾಯಿಮಾತಿನಲ್ಲಿ ಒಪ್ಪಿಸಿದೆ. ಟೈಲ್ಸ್ ಹಾಕುವ ಮೊದಲು ನೀರು ಹೋಗುವ ತೂತು ಮುಚ್ಚಿ, ನೆಲದಲ್ಲಿ ಎರಡಿಂಚು ನೀರು ನಿಲ್ಲಿಸಿ, ಎರಡು ದಿನ ಬಿಟ್ಟು ಕೆಳಗಿನ ಸ್ಲ್ಯಾಬು ಒದ್ದೆಯಾಗುತ್ತದೆಯೇ ಎಂದು ನೋಡಬೇಕು. ನನಗೆ ಗೊತ್ತಿರಲಿಲ್ಲ, ಅವರು ಮಾಡಲಿಲ್ಲ. ಉಪಯೋಗಿಸತೊಡಗಿ ಒಂದು ತಿಂಗಳಲ್ಲಿ ಕೆಳಗೆ ಊಟದ ಕೋಣೆಯ ಮೇಲ್ಭಾಗದಲ್ಲಿ ಹಳದಿ ಕಲೆ ಮೂಡಿತು. ಕರೆದು ಕೇಳಿದರೆ "ಪೈಪು ನೀವು ತಂದದ್ದು ಸಾಹೇಬರೇ" ಎಂದರು. ಜೋಡಿಸಿದ್ದು ನೀವು ಎಂದೆ. ಇಬ್ಬರ ಬಳಿಯೂ ಕಾಗದವಿಲ್ಲ. ಕೊಡಬೇಕಾಗಿದ್ದ 18,000 ರೂಪಾಯಿಯನ್ನು ನಾನು ತಡೆಹಿಡಿದೆ. ನ್ಯಾಯ ಮಾಡಿದೆ ಎಂದುಕೊಂಡೆ, ನಾಲ್ಕು ಜನರ ಮುಂದೆ ಹೇಳಿಕೊಂಡೆ ಕೂಡ.

ಮೂರು ತಿಂಗಳ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ ಸಲಾಂ ಹೊಡೆದ. ಉತ್ತರ ಕರ್ನಾಟಕದ ಕಡೆಯವನು, ನಮ್ಮಲ್ಲಿ ಸಿಮೆಂಟು ಕಲಸಿದ್ದವನು. ಕೆಲಸ ಹೇಗಿದೆ ಎಂದು ಕೇಳಿದೆ. ಮಾತಿಗೆ ಮಾತು ಬಂದು ಹೇಳಿದ, ನಮ್ಮ ಮನೆಯ ಕೆಲಸದ ಹನ್ನೆರಡು ದಿನದ ಕೂಲಿ ಅವನಿಗೆ ಬಂದಿಲ್ಲ. "ನಿಮ್ಮ ಕಡೆಯಿಂದ ದುಡ್ಡು ಬಂದಿಲ್ಲಂತ ಹೇಳ್ಯಾರ್ರಿ" ಎಂದ. ಸಿಟ್ಟಿನಿಂದ ಹೇಳಲಿಲ್ಲ, ನಾನು ಕೇಳಿದ್ದಕ್ಕೆ ಹೇಳಿದ ಅಷ್ಟೇ. ಕೂಲಿಯ ಬಗ್ಗೆ, ಬೆವರಿನ ಬಗ್ಗೆ ಇರುವ ಹದೀಸ್ ನಮಗೆಲ್ಲ ಬಾಯಿಪಾಠ. ನಾನೇ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ದಿನ ಅವನ ಲೆಕ್ಕ ಚುಕ್ತಾ ಮಾಡಿದೆ. ಆದರೆ ಅವನ ಜೊತೆ ಇನ್ನೂ ಇಬ್ಬರಿದ್ದರು. ಅವರು ಊರಿಗೆ ಹೋಗಿಬಿಟ್ಟಿದ್ದರು, ಯಾವ ಊರೆಂದು ಇವನಿಗೂ ಸರಿಯಾಗಿ ಗೊತ್ತಿಲ್ಲ. ಹತ್ತಿಪ್ಪತ್ತು ದಿನ ನನ್ನ ಮನೆಯ ಅಂಗಳದಲ್ಲಿ ಕುಳಿತು ಚಹಾ ಕುಡಿದವರ ಹೆಸರು ನನಗೆ ತಿಳಿದಿರಲಿಲ್ಲ. ಗುತ್ತಿಗೆದಾರರನ್ನು ಕೇಳಿದರೆ ಅವರು ಫೋನ್ ಎತ್ತಲಿಲ್ಲ.

ಆ ಮೇಲೆ ನನ್ನ ಮನೆಯಲ್ಲಿ ಯಾವ ಕೆಲಸ ನಡೆದರೂ ಒಂದು ನೋಟ್ ಪುಸ್ತಕ ಇರುತ್ತದೆ. ಅದರಲ್ಲಿ ಕೆಲಸಗಾರರ ಹೆಸರು, ಊರು, ಬಂದ ದಿನಗಳು. ಕೊನೆಯ ಹತ್ತನೇ ಒಂದು ಪಾಲನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಗುತ್ತಿಗೆದಾರರೊಡನೆ ಮೊದಲೇ ಬರೆದುಕೊಳ್ಳುತ್ತೇನೆ. ಆ ಪಾಲು ಅವರ ಲಾಭದಿಂದ ಹೋಗಬೇಕು, ಆಳುಗಳ ಕೂಲಿ ವಾರವಾರ ಸಂದಿದೆಯೇ ಎಂದು ಆಳುಗಳನ್ನೇ ಕೇಳುತ್ತೇನೆ. ಕೆಲವು ಗುತ್ತಿಗೆದಾರರಿಗೆ ಇದು ಹಿಡಿಸುವುದಿಲ್ಲ. ಹಿಡಿಸದವರು ಬೇಡ. ಪ್ರಾಮಾಣಿಕರಾದ ಮೇಸ್ತ್ರಿಗಳು ಬೇಕಾದಷ್ಟು ಜನ ಇದ್ದಾರೆ, ಕಾಗದ ಕಂಡರೆ ಅವರಿಗೆ ಸಮಾಧಾನವೇ, ಏಕೆಂದರೆ ಹಣ ಕೊಡದೆ ಓಡಾಡಿಸುವ ಮನೆಯವರೂ ನಮ್ಮಲ್ಲಿ ಕಡಿಮೆಯಿಲ್ಲ.

ಪರದೇಶದಲ್ಲಿರುವ ಸಹೋದರರ ಬಗ್ಗೆ ಒಂದು ಮಾತು. ನೀವು ಅಲ್ಲಿಂದ ಹಣ ಕಳುಹಿಸುತ್ತೀರಿ, ವಾಟ್ಸಾಪ್‌ನಲ್ಲಿ ಬರುವ ಫೋಟೋ ನೋಡುತ್ತೀರಿ. ಫೋಟೋದಲ್ಲಿ ಟೈಲ್ಸ್ ಹೊಳೆಯುವುದು ಕಾಣುತ್ತದೆ, ಅದರ ಅಡಿಯಲ್ಲಿ ಏನಿದೆ ಎಂಬುದು ಕಾಣುವುದಿಲ್ಲ. ಊರಿನಲ್ಲಿ ನಿಮ್ಮ ಪತ್ನಿ, ತಂಗಿ, ಸೊಸೆ ಓದಿದವರಿದ್ದಾರೆ. ಒಪ್ಪಂದದ ಒಂದು ಪ್ರತಿ ಅವರ ಕೈಯಲ್ಲಿರಲಿ, ಹಣ ಅವರ ಸಹಿಯ ಮೇಲೆ ಹೋಗಲಿ. ಎಷ್ಟು ಚೀಲ ಬಂತು, ಎಷ್ಟು ಜನ ಬಂದರು ಎಂಬುದನ್ನು ಕಿಟಕಿಯೊಳಗಿನಿಂದಲೇ ಬರೆದಿಟ್ಟು, ಕೊನೆಗೆ ಬಿಲ್ಲಿನಲ್ಲಿ 22 ಚೀಲದ ವ್ಯತ್ಯಾಸ ಹಿಡಿದವರು ನಮ್ಮ ನೆರೆಮನೆಯ ಒಬ್ಬ ಸಹೋದರಿ. ಅವರು ಓದಿದ್ದು ಎಸ್ಸೆಸ್ಸೆಲ್ಸಿ.

ವಿದ್ಯಾರ್ಥಿಗಳೇ, ನಿಮಗೆ ಹೇಳುವುದು ಹೆಚ್ಚೇನಿಲ್ಲ. ಟೇಪು ಹಿಡಿದು ಅಳೆಯಲು, ಮಟ್ಟಗೋಲು ನೋಡಲು, ಟೆಸ್ಟರ್ ಹಿಡಿಯಲು, ದರಪಟ್ಟಿ ಓದಲು ಕಲಿಯಿರಿ. ನಿಮ್ಮಲ್ಲಿ ಯಾರಿಗಾದರೂ ಈ ಕೆಲಸದಲ್ಲೇ ಮನಸ್ಸಿದ್ದರೆ ಐಟಿಐಗಳಲ್ಲಿ ಇಲೆಕ್ಟ್ರೀಷಿಯನ್, ಪ್ಲಂಬರ್ ಕೋರ್ಸುಗಳಿವೆ. ಮನೆಯವರು ಬೇಡವೆಂದರೆ ನನ್ನ ಬಳಿ ಕಳುಹಿಸಿ, ನಾನು ಮಾತನಾಡುತ್ತೇನೆ.

ಅಸರ್‌ಗೆ ಸಮಯವಾಗುತ್ತಿದೆ. ಒಂದು ವಿಷಯ ಮಾತ್ರ. ಈ ಸಭಾಂಗಣದ ಹಿಂಬದಿಯ ಗೋಡೆ ಮೇಲಿನಿಂದ ನೆಲದವರೆಗೆ ಒದ್ದೆಯಾಗಿರುವುದನ್ನು ಒಳಗೆ ಬರುವಾಗ ಗಮನಿಸಿದೆ. ತಾರಸಿಯ ಕೊಳವೆ ಕಟ್ಟಿಕೊಂಡಿರಬಹುದು, ಅಥವಾ ಬೇರೇನಾದರೂ ಇರಬಹುದು. ಟೇಪು ಮತ್ತು ಟಾರ್ಚು ತಂದಿದ್ದೇನೆ. ನಮಾಝ್ ಮುಗಿದ ಮೇಲೆ ನಾಲ್ಕೈದು ಹುಡುಗರು ನಿಂತರೆ ನೋಡೋಣ. ನಮ್ಮಿಂದ ಆಗುವ ಕೆಲಸವೇ ಅಲ್ಲವೇ ಎಂಬುದನ್ನು ಇವತ್ತೇ ಕಾರ್ಯದರ್ಶಿಯವರಿಗೆ ಬರೆದುಕೊಡೋಣ.

ವಸ್ಸಲಾಮು ಅಲೈಕುಮ್.